ಕೊನೆಯ ಸುತ್ತಿನ ನಡೆ ಕೊಪ್ಪಳಕ್ಕೆ ಬಂದ ದಾರಿ

2024ರ ಏಪ್ರಿಲ್ 21ರಂದು ಕೆನಡಾದ ಟೊರಾಂಟೊ ನಗರದಲ್ಲಿ ಕ್ಯಾಂಡಿಡೇಟ್ಸ್ ಚದುರಂಗ ಪಂದ್ಯಾವಳಿಯ ಹದಿನಾಲ್ಕನೆಯ, ಅಂದರೆ ಕೊನೆಯ ಸುತ್ತು ನಡೆಯಿತು. ಅಲ್ಲಿ ಮಧ್ಯಾಹ್ನ ಎರಡೂವರೆ ಗಂಟೆಗೆ ಆಟ ಆರಂಭವಾದಾಗ ನಮ್ಮಲ್ಲಿ ನಡುರಾತ್ರಿ ಹನ್ನೆರಡು ಗಂಟೆ. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವ ಹಕ್ಕು ಯಾರಿಗೆ ಎಂಬುದು ಆ ರಾತ್ರಿ ತೀರ್ಮಾನವಾಗಬೇಕಿತ್ತು. ಎಂಟು ಜನ ಆಟಗಾರರಲ್ಲಿ ಚೆನ್ನೈನ 17 ವರ್ಷದ ಡಿ. ಗುಕೇಶ್ 8½ ಅಂಕಗಳೊಂದಿಗೆ ಮುಂದಿದ್ದರು. ನಕಮುರ, ನೆಪೊಮ್ನಿಯಾಚಿ ಮತ್ತು ಕರುವಾನ ತಲಾ 8 ಅಂಕ ಗಳಿಸಿ ಬೆನ್ನ ಹಿಂದೆಯೇ ಇದ್ದರು.

ಕೊಪ್ಪಳದಲ್ಲಿ, ಗಂಗಾವತಿಯಲ್ಲಿ, ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ ಯಾರಾದರೂ ಆ ರಾತ್ರಿ ಮೊಬೈಲ್ ಹಿಡಿದು ಕುಳಿತಿದ್ದರೆ, ಟೊರಾಂಟೊದ ಸಭಾಂಗಣದ ನಡೆಗಳು ಒಂದೊಂದಾಗಿ ಅವರ ಅಂಗೈಗೆ ಬರುತ್ತಿದ್ದವು. ಇದು ಇಂದು ನಿಮಗೆ ವಿಶೇಷವೆನಿಸದು. ಆದರೆ ಚದುರಂಗದ ಒಂದು ನಡೆ ದೂರದ ಊರಿಗೆ ತಲುಪುವ ವಿಧಾನಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಆಟ ಹಳೆಯದು, ಸುದ್ದಿ ಹೊಸದು

ಚದುರಂಗ ನಮ್ಮ ಸೀಮೆಗೆ ಹೊಸದಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ, ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು ನೀವು ನೋಡಿರಬಹುದು. 1112ರಲ್ಲಿ ಅದನ್ನು ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಚದುರಂಗದ ವಿವರಣೆಯಿದೆ. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯು 64 ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮುಟ್ಟಿ ಬರುವ ‘ಕುದುರೆ ನಡೆ’ಯ ಬಂಧಗಳನ್ನು ರಚಿಸಿ ಹೆಸರಾದರು.

ಆದರೆ ಆಗಿನ ಆಟ ಆಡಿದ ಜಾಗದಲ್ಲೇ ಮುಗಿಯುತ್ತಿತ್ತು. ಅರಮನೆಯ ಮಣೆಯ ಮೇಲೆ ಏನಾಯಿತೆಂಬುದು ಎದುರು ಕುಳಿತವರಿಗಷ್ಟೇ ಗೊತ್ತು. ಆಟವನ್ನು ದೂರಕ್ಕೆ ಕಳುಹಿಸಬೇಕಾದರೆ ಎರಡು ಸಾಧನಗಳು ಬೇಕು: ನಡೆಯನ್ನು ಬರೆಯುವ ಒಂದು ಲಿಪಿ, ಬರೆದದ್ದನ್ನು ಸಾಗಿಸುವ ಒಂದು ವಾಹನ.

ಟಪಾಲಿನಲ್ಲಿ ಹೋದ ಕುದುರೆ

ದೂರದ ಆಟಗಳಲ್ಲಿ ಹೆಸರಾಂತವಾದ ಮೊದಲನೆಯದು 1824ರಿಂದ 1828ರವರೆಗೆ ಎಡಿನ್‌ಬರೊ ಮತ್ತು ಲಂಡನ್ ನಗರಗಳ ನಡುವೆ ಪತ್ರದ ಮೂಲಕ ನಡೆಯಿತು. ಗೆದ್ದದ್ದು ಎಡಿನ್‌ಬರೊ. ಇಂದಿಗೂ ಆಟಗಾರರು ಹೇಳುವ ‘ಸ್ಕಾಚ್ ಆರಂಭ’ಕ್ಕೆ ಆ ಹೆಸರು ಬಂದದ್ದು ಅದರಿಂದಲೇ.

ಬ್ರಿಟನ್ನಿನ ಆ ಸ್ಪರ್ಧೆ ಮುಗಿಯುತ್ತಿದ್ದಂತೆಯೇ, 1828–29ರಲ್ಲಿ, ನಮ್ಮಲ್ಲಿ ಮದರಾಸು ಮತ್ತು ಹೈದರಾಬಾದ್ ನಡುವೆ ಪತ್ರ ಚದುರಂಗ ನಡೆಯಿತೆಂಬುದು ಹಲವರಿಗೆ ಗೊತ್ತಿಲ್ಲ. ಮದರಾಸಿನ ತಂಡದಲ್ಲಿ ಗುಲಾಂ ಕಾಸಿಂ ಎಂಬ ಪ್ರವೀಣ ಆಟಗಾರರಿದ್ದರು. ಅವರು ಜೇಮ್ಸ್ ಕಾಕ್ರೇನ್ ಜೊತೆಗೂಡಿ 1829ರಲ್ಲಿ ಮದರಾಸಿನಿಂದ ಹೊರತಂದ ಪುಸ್ತಕದಲ್ಲಿ ಆ ಸ್ಪರ್ಧೆಯ ಎರಡು ಆಟಗಳೂ ಸೇರಿವೆ. ಆಗ ಕೊಪ್ಪಳ ಸೀಮೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಅಂದರೆ ನಮ್ಮದೇ ರಾಜಧಾನಿಯಿಂದ ನಡೆಗಳು ಹೊರಟು, ಟಪಾಲು ಓಟಗಾರರ ಚೀಲದಲ್ಲಿ ಮದರಾಸು ತಲುಪುತ್ತಿದ್ದವು. ಒಂದು ನಡೆ ಹೋಗಿ ಉತ್ತರ ಬರುವುದಕ್ಕೆ ಕಾಲಾಳುಗಳ ಕಾಲೇ ಗಡಿಯಾರ.

ಇನ್ನೂ ದೂರದ ಪಯಣವೂ ಇತ್ತು. 1840–50ರ ದಶಕಗಳಲ್ಲಿ ಕಲಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ವಕೀಲರು ಬಂಗಾಳದ ಮಹೇಶಚಂದ್ರ ಬ್ಯಾನರ್ಜಿಯವರೊಂದಿಗೆ ನೂರಾರು ಆಟಗಳನ್ನಾಡಿದರು. ಅವುಗಳಲ್ಲಿ ಕೆಲವು ಹಡಗಿನಲ್ಲಿ ಲಂಡನ್ನಿಗೆ ಹೋಗಿ ಅಲ್ಲಿನ ಪತ್ರಿಕೆಗಳಲ್ಲಿ ಅಚ್ಚಾದವು. ರಾಜನ ಪಕ್ಕದ ಕಾಲಾಳನ್ನು ನಿಧಾನವಾಗಿ ನಡೆಸಿ ಒಂಟೆಯನ್ನು ಮೂಲೆಯಿಂದ ಹೊರತರುವ ಬ್ಯಾನರ್ಜಿಯವರ ಕ್ರಮ ಯುರೋಪಿನವರಿಗೆ ವಿಚಿತ್ರವಾಗಿ ಕಂಡಿತು. ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ಹುಟ್ಟಿದ್ದು ಹೀಗೆ. ಆಟ ಬರಹವಾಗಿ ದೂರ ಹೋದದ್ದರಿಂದಲೇ ಆ ಹೆಸರು ಉಳಿಯಿತು ಎಂಬುದನ್ನು ಗಮನಿಸಿ.

ತಂತಿ, ರೇಡಿಯೊ ಮತ್ತು ಕಾಗುಣಿತ

1844ರ ಮೇ ತಿಂಗಳಲ್ಲಿ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರಿಗೆ ತಂತಿ ಸಂದೇಶ ಕಳುಹಿಸಿದರು. ಅದೇ ವರ್ಷ ನವೆಂಬರಿನಲ್ಲಿ ಅದೇ ತಂತಿಯ ಮೇಲೆ ಎರಡೂ ನಗರಗಳ ಜನ ಚದುರಂಗ ಆಡಿದರು. ಮರುವರ್ಷ ಲಂಡನ್–ಪೋರ್ಟ್ಸ್‌ಮತ್ ನಡುವೆಯೂ ಆಟವಾಯಿತು. 1896ರಿಂದ 1911ರವರೆಗೆ ಬ್ರಿಟನ್ ಮತ್ತು ಅಮೆರಿಕ ಸಮುದ್ರದಡಿಯ ಕೇಬಲ್ಲಿನ ಮೂಲಕ ತಂಡ ಸ್ಪರ್ಧೆಗಳನ್ನು ನಡೆಸಿದವು.

ತಂತಿಯಲ್ಲಿ ಒಂದೊಂದು ಪದಕ್ಕೂ ಹಣ. ಆದ್ದರಿಂದ ಪ್ರತಿ ಮನೆಗೂ ಎರಡಕ್ಷರದ ಹೆಸರಿಟ್ಟು, ‘ಎಲ್ಲಿಂದ–ಎಲ್ಲಿಗೆ’ ಎಂಬುದನ್ನು ನಾಲ್ಕೇ ಅಕ್ಷರಗಳಲ್ಲಿ ಹೇಳುವ ಸಂಕೇತಗಳು ಬಂದವು. ಕನ್ನಡಿಗರಿಗೆ ಇದು ಬಹಳ ಸುಲಭವಾಗಿ ಅರ್ಥವಾಗಬೇಕು, ಏಕೆಂದರೆ ನಮ್ಮ ಕಾಗುಣಿತವೇ ಅಂಥದೊಂದು ಕೋಷ್ಟಕ. ಒಂದು ಪ್ರಯೋಗ ಮಾಡಿ ನೋಡಿ. ಮಣೆಯ ಎಂಟು ಕಂಬಸಾಲುಗಳಿಗೆ ಎಡದಿಂದ ಬಲಕ್ಕೆ ಕ, ಗ, ಚ, ಜ, ಟ, ಡ, ತ, ದ ಎಂದೂ, ಎಂಟು ಅಡ್ಡಸಾಲುಗಳಿಗೆ ಕೆಳಗಿನಿಂದ ಮೇಲಕ್ಕೆ ಅ, ಆ, ಇ, ಈ, ಉ, ಊ, ಎ, ಏ ಎಂದೂ ಹೆಸರಿಡಿ. ಆಗ ಪ್ರತಿ ಮನೆಗೂ ಒಂದು ಗುಣಿತಾಕ್ಷರ ಸಿಗುತ್ತದೆ. ಬಿಳಿಯ ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ ಹೋಗುವ ಪ್ರಸಿದ್ಧ ಮೊದಲ ನಡೆ ‘ಟಾಟೀ’ ಎಂದಾಗುತ್ತದೆ. ಎರಡೇ ಅಕ್ಷರ! ಇಂದು ಜಗತ್ತು ಬಳಸುವ ಎ–ಎಚ್ ಮತ್ತು 1–8ರ ಬೀಜಗಣಿತ ಸಂಕೇತದ ತತ್ವವೂ ಇದೇ.

ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ ದಿನಗಳಲ್ಲಿ, 1945ರ ಸೆಪ್ಟೆಂಬರ್ 1ರಿಂದ 4ರವರೆಗೆ, ಸೋವಿಯತ್ ಒಕ್ಕೂಟ ಮತ್ತು ಅಮೆರಿಕ ಹತ್ತು ಮಣೆಗಳ ಮೇಲೆ ರೇಡಿಯೊ ಮೂಲಕ ಸೆಣಸಿದವು. ಇಂಥ ಸಂಕೇತದಲ್ಲೇ ನಡೆಗಳು ಮಾಸ್ಕೊ–ನ್ಯೂಯಾರ್ಕ್ ನಡುವೆ ಹಾರಿದವು. 15½–4½ರಿಂದ ಸೋವಿಯತ್ ತಂಡ ಗೆದ್ದು, ಮುಂದಿನ ಕಾಲು ಶತಮಾನ ಚದುರಂಗ ಯಾರ ಕೈಯಲ್ಲಿರುತ್ತದೆ ಎಂಬುದನ್ನು ತೋರಿಸಿತು. 1965ರಲ್ಲಿ ಬಾಬಿ ಫಿಷರ್‌ಗೆ ಕ್ಯೂಬಾಕ್ಕೆ ಹೋಗಲು ಅಮೆರಿಕ ಸರ್ಕಾರ ಅನುಮತಿ ಕೊಡಲಿಲ್ಲ. ಅವರು ನ್ಯೂಯಾರ್ಕಿನ ಕ್ಲಬ್ಬಿನಲ್ಲಿ ಕುಳಿತು ಟೆಲಿಪ್ರಿಂಟರ್ ಮೂಲಕ ಹವಾನಾದ ಪಂದ್ಯಾವಳಿಯನ್ನು ಪೂರ್ತಿ ಆಡಿ ಎರಡನೆಯ ಸ್ಥಾನ ಹಂಚಿಕೊಂಡರು. 1970ರ ಜೂನ್ 9ರಂದು ಸೊಯುಜ್–9 ನೌಕೆಯ ಗಗನಯಾತ್ರಿಗಳು ಕಕ್ಷೆಯಿಂದ ಭೂಮಿಯವರೊಡನೆ ಆಡಿದ ಆಟ ಡ್ರಾ ಆಯಿತು.

ಪತ್ರಿಕೆಯ ಮೂಲೆಯಲ್ಲಿ ಕಾದ ಜನ

ಇವೆಲ್ಲ ಆಡುವವರ ಕಥೆ. ನೋಡುವವರ ಕಥೆ ಬೇರೆ. 1972ರಲ್ಲಿ ರೇಕ್ಯಾವಿಕ್‌ನಲ್ಲಿ ಫಿಷರ್–ಸ್ಪಾಸ್ಕಿ ನಡುವಿನ ವಿಶ್ವ ಪಂದ್ಯ ನಡೆದಾಗ ಜಗತ್ತೇ ಕಿವಿಗೊಟ್ಟಿತ್ತು. ಆದರೆ ಜಿಲ್ಲಾ ಕೇಂದ್ರದಿಂದಲೂ ದೂರವಿದ್ದ ಊರಿನವರಿಗೆ ಸಿಗುತ್ತಿದ್ದದ್ದು ರೇಡಿಯೊದಲ್ಲಿ ಒಂದು ಸಾಲಿನ ಫಲಿತಾಂಶ, ಅಥವಾ ಬಸ್ಸಿನಲ್ಲಿ ಬರುವ ಪತ್ರಿಕೆಯ ಒಂದು ಚಿಕ್ಕ ಅಂಕಣ. ಆ ಕಾಲದಲ್ಲಿ ಆಟ ಒಂದೇ ದಿನದಲ್ಲಿ ಮುಗಿಯಬೇಕೆಂಬ ನಿಯಮವೂ ಇರಲಿಲ್ಲ. ಮುಂದಿನ ನಡೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು ಮರುದಿನ ಮುಂದುವರಿಸುತ್ತಿದ್ದರು. 21ನೆಯ ಆಟದ ನಡೆಯನ್ನು ಹಾಗೆ ಮುಚ್ಚಿಟ್ಟ ಸ್ಪಾಸ್ಕಿ, ಸೆಪ್ಟೆಂಬರ್ 1ರಂದು ಮಣೆಯ ಬಳಿ ಬರದೆ ಟೆಲಿಫೋನಿನಲ್ಲೇ ಸೋಲೊಪ್ಪಿಕೊಂಡರು. ವಿಶ್ವ ಕಿರೀಟ 12½–8½ ಅಂತರದಲ್ಲಿ ಕೈಬದಲಾದದ್ದು ಒಂದು ಫೋನ್ ಕರೆಯಲ್ಲಿ!

ಕಲಿಯಬೇಕೆಂಬ ಹುಡುಗನಿಗೆ ಫಲಿತಾಂಶವಷ್ಟೇ ಸಾಲದು, ನಡೆಗಳು ಬೇಕು. ಅವು ಪುಸ್ತಕವಾಗಿ, ಪತ್ರಿಕೆಯಾಗಿ ಮಹಾನಗರಗಳ ಗ್ರಂಥಾಲಯಕ್ಕೆ ಬರುವ ಹೊತ್ತಿಗೆ ತಿಂಗಳುಗಳು ಕಳೆಯುತ್ತಿದ್ದವು. ಬರುವುದೂ ಅಲ್ಲಿಗೆ ಮಾತ್ರ. ಮ್ಯಾನುಯೆಲ್ ಆರನ್ 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್ ಬಂದದ್ದು 1988ರಲ್ಲಿ. ಚದುರಂಗ ಹುಟ್ಟಿದ ದೇಶಕ್ಕೆ ಇಷ್ಟು ತಡವಾದದ್ದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಒಳ್ಳೆಯ ಆಟ ಆಡಿದ ಕಡೆಯಿಂದ ಇಲ್ಲಿಯವರೆಗಿನ ದೂರವೂ ಒಂದು ಮುಖ್ಯ ಕಾರಣ.

ಒಂದು ಎಸ್ಸೆಮ್ಮೆಸ್ಸಿನಷ್ಟು ಆಟ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಅದೂ ಮಹಾನಗರಗಳಲ್ಲಿ. ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಹೊಸ ಜಿಲ್ಲೆ ರೂಪುಗೊಂಡ 1997ರಲ್ಲೇ ನ್ಯೂಯಾರ್ಕಿನಲ್ಲಿ ಐಬಿಎಂನ ಡೀಪ್ ಬ್ಲೂ ಯಂತ್ರ ಕ್ಯಾಸ್ಪರೋವ್‌ರನ್ನು 3½–2½ರಿಂದ ಸೋಲಿಸಿತು. ಆ ನಡೆಗಳನ್ನು ಜನ ಜಾಲದಲ್ಲಿ ಆಗಿಂದಾಗಲೇ ನೋಡಿದರು. 1999ರಲ್ಲಿ ಕ್ಯಾಸ್ಪರೋವ್ ಒಂದು ಕಡೆ, 75ಕ್ಕೂ ಹೆಚ್ಚು ದೇಶಗಳ 50,000ಕ್ಕೂ ಮಿಕ್ಕಿದ ಜನ ಇನ್ನೊಂದು ಕಡೆ ಕುಳಿತು ಮತ ಹಾಕಿ ಆಡಿದ ಆಟ ನಾಲ್ಕು ತಿಂಗಳು ನಡೆದು 62 ನಡೆಗಳಲ್ಲಿ ಕ್ಯಾಸ್ಪರೋವ್ ಗೆಲುವಿನೊಂದಿಗೆ ಮುಗಿಯಿತು.

ನಿಧಾನವಾದ ಡಯಲ್‌ಅಪ್ ಕಾಲದಲ್ಲೇ ಚದುರಂಗಕ್ಕೆ ಜಾಲ ಒಗ್ಗಿದ್ದು ಹೇಗೆ? ಲೆಕ್ಕ ಹಾಕಿ ನೋಡೋಣ. ಮಣೆಯಲ್ಲಿ 64 ಮನೆಗಳು. 64 ಎಂದರೆ ಎರಡರ ಆರನೇ ಘಾತ. ಆದ್ದರಿಂದ ಒಂದು ಮನೆಯನ್ನು ಗುರುತಿಸಲು 6 ಬಿಟ್ ಸಾಕು. ಹೊರಟ ಮನೆ, ಸೇರಿದ ಮನೆ ಎರಡೂ ಸೇರಿ ಒಂದು ನಡೆಗೆ 12 ಬಿಟ್. ಇಬ್ಬರೂ ನಲವತ್ತು ನಲವತ್ತು ನಡೆ ಆಡಿದರೆ 80 × 12 = 960 ಬಿಟ್, ಅಂದರೆ 120 ಬೈಟ್. ಒಂದು ಎಸ್ಸೆಮ್ಮೆಸ್ಸಿನ ಮಿತಿ 140 ಬೈಟ್. ಐದು ಗಂಟೆ ಕಾಲ ಇಬ್ಬರು ಜಗತ್ಪ್ರಸಿದ್ಧರು ತಲೆ ಚಚ್ಚಿಕೊಂಡ ಆಟ ಒಂದೇ ಎಸ್ಸೆಮ್ಮೆಸ್ಸಿನೊಳಗೆ ಹಿಡಿಯುತ್ತದೆ!

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಕ್ರಿಕೆಟ್ಟಿನ ಸ್ಕೋರು ತಿಳಿದರೆ ಕ್ರಿಕೆಟ್ ನೋಡಿದಂತಾಗದು. ಚೆಂಡಿನ ತಿರುವು, ಬ್ಯಾಟಿನ ಬೀಸು ಆ ಅಂಕಿಗಳಲ್ಲಿಲ್ಲ. ಚದುರಂಗದಲ್ಲಿ ನಡೆಗಳ ಪಟ್ಟಿಯೇ ಆಟ. ಟೊರಾಂಟೊದ ಮೊದಲ ಸಾಲಿನಲ್ಲಿ ಕುಳಿತವರ ಕಣ್ಣಿಗೆ ಬಿದ್ದ ಸ್ಥಾನವೂ, ಕುಷ್ಟಗಿಯ ಮಣೆಯ ಮೇಲೆ ನೀವು ಜೋಡಿಸಿಕೊಂಡ ಸ್ಥಾನವೂ ಕೂದಲೆಳೆಯಷ್ಟೂ ಬೇರೆಯಲ್ಲ. ಕುಷ್ಟಗಿ ಪಟ್ಟಣಕ್ಕೆ ರೈಲು ಬಂದದ್ದು 2025ರಲ್ಲಿ. ಜಗತ್ತಿನ ಅತ್ಯುತ್ತಮ ಆಟಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಅಲ್ಲಿಗೆ ತಲುಪಿದ್ದವು.

ಮಣೆ ತಾನೇ ವರದಿ ಮಾಡುವ ಬಗೆ

ಮೊದಮೊದಲು ಆಟದ ಬಳಿ ಒಬ್ಬರು ಕುಳಿತು ನಡೆಗಳನ್ನು ಕೈಯಿಂದ ಟೈಪ್ ಮಾಡಬೇಕಿತ್ತು. ಈಗ ದೊಡ್ಡ ಪಂದ್ಯಾವಳಿಗಳಲ್ಲಿ ಮಣೆಯೇ ವರದಿಗಾರ. ಹಾಲೆಂಡಿನ ಡಿಜಿಟಿ ಸಂಸ್ಥೆಯ ಮಣೆಗಳು ಇದಕ್ಕೆ ಹೆಸರಾಗಿವೆ. ಅವುಗಳಲ್ಲಿ ಪ್ರತಿ ಕಾಯಿಯ ಬುಡದಲ್ಲಿ ಬ್ಯಾಟರಿಯಿಲ್ಲದ ಒಂದು ಚಿಕ್ಕ ತಂತಿಸುರುಳಿ ಮಂಡಲ ಇರುತ್ತದೆ. ಬಿಳಿಯ ಆರು, ಕರಿಯ ಆರು, ಒಟ್ಟು ಹನ್ನೆರಡು ಬಗೆಯ ಕಾಯಿಗಳಿಗೆ ಹನ್ನೆರಡು ಬೇರೆ ಬೇರೆ ಅನುರಣನ ಆವೃತ್ತಿಗಳು. ಮರದ ಮೇಲ್ಪದರದ ಕೆಳಗೆ ಹುದುಗಿಸಿದ ತಂತಿಜಾಲ ಪ್ರತಿ ಮನೆಯನ್ನೂ ಮತ್ತೆ ಮತ್ತೆ ತಟ್ಟಿ ‘ಇಲ್ಲಿ ಯಾರು?’ ಎಂದು ಕೇಳುತ್ತದೆ. ರೇಡಿಯೊದಲ್ಲಿ ಒಂದು ಕೇಂದ್ರಕ್ಕೆ ಮುಳ್ಳು ತಿರುಗಿಸಿದಂತೆ, ಕುದುರೆ ತನ್ನ ಆವೃತ್ತಿಗೆ ಮಾತ್ರ ಮಿಡಿಯುತ್ತದೆ. ಸ್ಥಾನ ಬದಲಾದ ಕೂಡಲೇ ಗಣಕ ಅದನ್ನು ನಡೆಯಾಗಿ ಬರೆದು ಜಾಲಕ್ಕೆ ಬಿಡುತ್ತದೆ.

ಆಟ ಮುಗಿದಾಗ ಕೆಲವೊಮ್ಮೆ ಎರಡೂ ರಾಜರು ಮಣೆಯ ನಡುವೆ ಬಂದು ನಿಂತದ್ದು ನಿಮ್ಮ ಪರದೆಯಲ್ಲಿ ಕಂಡು ಗೊಂದಲವಾಗಿರಬಹುದು. ಅದು ನಡೆಯಲ್ಲ, ಫಲಿತಾಂಶದ ಸಂಕೇತ. ನಡುವಿನ ಎರಡು ಬಿಳಿ ಮನೆಗಳಾದ ಇ4, ಡಿ5ರಲ್ಲಿ ರಾಜರಿದ್ದರೆ ಬಿಳಿಯ ಗೆಲುವು, ಕರಿ ಮನೆಗಳಾದ ಡಿ4, ಇ5ರಲ್ಲಿದ್ದರೆ ಕರಿಯ ಗೆಲುವು, ಒಂದು ಬಿಳಿ ಒಂದು ಕರಿ ಮನೆಯಾದರೆ ಡ್ರಾ.

ಬೆಳಕಿನ ತಂತುವಿನಲ್ಲಿ ಸಂಕೇತ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಟೊರಾಂಟೊದಿಂದ ಕೊಪ್ಪಳಕ್ಕೆ ಬರಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಆದರೂ ಕೆಲವು ಪಂದ್ಯಾವಳಿಗಳು ಬೇಕೆಂದೇ ನಡೆಗಳನ್ನು ತಡೆದು ಬಿಡುತ್ತವೆ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಿಂಕ್‌ಫೀಲ್ಡ್ ಕಪ್‌ನಲ್ಲಿ ಮೋಸದ ಶಂಕೆ ಎದ್ದಾಗ ಪ್ರಸಾರವನ್ನು 15 ನಿಮಿಷ ಹಿಂದಕ್ಕೆ ಹಾಕಿದರು. ಹೊರಗಿನವರು ಯಂತ್ರದ ಸಲಹೆಯನ್ನು ಒಳಗೆ ರವಾನಿಸದಿರಲಿ ಎಂಬುದು ಉದ್ದೇಶ. ಇನ್ನೂರು ವರ್ಷ ವೇಗಕ್ಕಾಗಿ ದುಡಿದ ಮನುಷ್ಯ ಈಗ ಕಾಲು ಗಂಟೆ ನಿಧಾನವನ್ನು ತಾನೇ ಕಟ್ಟಿಕೊಂಡಿದ್ದಾನೆ.

ಕೊನೆಯ ಸುತ್ತಿನಲ್ಲಿ ಏನಿರುತ್ತದೆ?

ಕೊನೆಯ ಸುತ್ತಿನಲ್ಲಿ ಒಂದು ಮಣೆಯ ಭವಿಷ್ಯ ಇನ್ನೊಂದು ಮಣೆಗೆ ಅಂಟಿಕೊಂಡಿರುತ್ತದೆ. 2013ರ ಏಪ್ರಿಲ್ 1ರಂದು ಲಂಡನ್ನಿನ ಕ್ಯಾಂಡಿಡೇಟ್ಸ್‌ನಲ್ಲಿ ಕಾರ್ಲ್‌ಸನ್ ಮತ್ತು ಕ್ರಾಮ್ನಿಕ್ ಸಮಸಮವಾಗಿ 8½ ಅಂಕ ಗಳಿಸಿ ಕೊನೆಯ ಸುತ್ತಿಗೆ ಇಳಿದರು. ಕಾರ್ಲ್‌ಸನ್ ಸ್ವಿಡ್ಲರ್‌ಗೆ ಸೋತರು, ಕ್ರಾಮ್ನಿಕ್ ಇವಾನ್‌ಚುಕ್‌ಗೆ ಸೋತರು! ಅಂಕ ಸಮವಾಗಿಯೇ ಉಳಿಯಿತು. ಹೆಚ್ಚು ಆಟ ಗೆದ್ದವರಿಗೆ ಆದ್ಯತೆ ಎಂಬ ನಿಯಮದಿಂದ, ಐದು ಗೆಲುವಿನ ಕಾರ್ಲ್‌ಸನ್ ನಾಲ್ಕು ಗೆಲುವಿನ ಕ್ರಾಮ್ನಿಕ್‌ರನ್ನು ಹಿಂದಿಕ್ಕಿದರು. ಅದೇ ವರ್ಷ ಚೆನ್ನೈಯಲ್ಲಿ ಆನಂದ್ ಕಿರೀಟ ಕಳೆದುಕೊಂಡದ್ದು ಈ ಕಾರ್ಲ್‌ಸನ್‌ಗೇ.

2025ರ ಫೆಬ್ರುವರಿ 2ರಂದು ಹಾಲೆಂಡಿನ ವೈಕ್ ಆನ್ ಜೀಯಲ್ಲಿ ಇಂಥದೇ ಮತ್ತೊಂದು ದಿನ. ಮುಂದಿದ್ದ ಗುಕೇಶ್ ಅರ್ಜುನ್ ಎರಿಗೈಸಿಗೆ ಸೋತರೆ, ಜೊತೆಗಿದ್ದ ಪ್ರಜ್ಞಾನಂದ ಜರ್ಮನಿಯ ಕೈಮರ್‌ಗೆ ಸೋತರು. 8½ರಲ್ಲಿ ಸಮನಾದ ಇಬ್ಬರೂ ಕ್ಷಿಪ್ರ ಆಟಗಳನ್ನಾಡಿ, ಪ್ರಜ್ಞಾನಂದ ಪ್ರಶಸ್ತಿ ಗೆದ್ದರು.

ಇನ್ನು ನಾವು ಆರಂಭಿಸಿದ ಟೊರಾಂಟೊ ರಾತ್ರಿ. ಕರಿಯ ಕಾಯಿಗಳೊಂದಿಗೆ ಗುಕೇಶ್ 71 ನಡೆಗಳಲ್ಲಿ ನಕಮುರರೊಡನೆ ಡ್ರಾ ಮಾಡಿಕೊಂಡು 9 ಅಂಕ ತಲುಪಿದರು. ಅಷ್ಟಕ್ಕೆ ಮುಗಿಯಲಿಲ್ಲ. ಪಕ್ಕದ ಮಣೆಯಲ್ಲಿ ಕರುವಾನ ಅಥವಾ ನೆಪೊಮ್ನಿಯಾಚಿ ಯಾರೇ ಗೆದ್ದರೂ ಅವರಿಗೂ 9 ಅಂಕವಾಗಿ ಟೈಬ್ರೇಕ್ ಬೇಕಾಗುತ್ತಿತ್ತು. ಕರುವಾನ ಗೆಲುವಿನ ಸ್ಥಾನ ತಲುಪಿದ್ದರು. ಆದರೆ ಸಮಯದ ಒತ್ತಡದಲ್ಲಿ ಹಿಡಿತ ಜಾರಿತು. 109 ನಡೆಗಳ ಬಳಿಕ ಆ ಆಟವೂ ಡ್ರಾ ಆಯಿತು. ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿಂಗ್ ಲಿರೆನ್‌ರನ್ನು 7½–6½ರಿಂದ ಸೋಲಿಸಿದ ಗುಕೇಶ್, 18ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು.

ದೂರ ಎಷ್ಟು ಉಳಿದಿದೆ?

ಭಾರತದಲ್ಲಿ 1988ರಲ್ಲಿ ಒಬ್ಬರೇ ಇದ್ದ ಗ್ರ್ಯಾಂಡ್‌ಮಾಸ್ಟರ್‌ಗಳ ಸಾಲಿನಲ್ಲಿ 2025ರ ಜುಲೈಯಲ್ಲಿ ದಿವ್ಯಾ ದೇಶಮುಖ್ 88ನೆಯವರಾಗಿ ಸೇರಿದರು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜಕುಮಾರ್ ಅವರ ರೂಪದಲ್ಲಿ. ಈ ಏರಿಕೆಗೆ ಜಾಲದ ಪಾಲು ದೊಡ್ಡದು. ಆದರೆ ಜಾಲವೊಂದೇ ಸಾಕೆಂದು ತಿಳಿಯುವುದು ತಪ್ಪು. ಪರದೆಯ ಮುಂದೆ ಎಷ್ಟು ಆಡಿದರೂ ಅಂತರರಾಷ್ಟ್ರೀಯ ರೇಟಿಂಗ್ ಬರುವುದು ಎದುರುಬದುರು ಕುಳಿತು ಆಡಿದ ಮಾನ್ಯತೆಯುಳ್ಳ ಪಂದ್ಯಗಳಿಂದ. ಅದಕ್ಕೆ ಬಸ್ಸು ಹತ್ತಬೇಕು, ವಾರಗಟ್ಟಲೆ ಬೇರೆ ಊರಿನಲ್ಲಿ ಉಳಿಯಬೇಕು, ಜೊತೆಗೆ ಒಬ್ಬ ದೊಡ್ಡವರು ಕೆಲಸ ಬಿಟ್ಟು ಬರಬೇಕು. ಗಂಗಾವತಿಯ ಗದ್ದೆಯಲ್ಲಿ ದುಡಿಯುವ ಮನೆಯ ಹುಡುಗಿಗೆ ಕಾರ್ಲ್‌ಸನ್ನರ ನಡೆ ಪುಕ್ಕಟೆಯಾಗಿ ಸಿಗುತ್ತದೆ, ಬೆಂಗಳೂರಿನ ಟೂರ್ನಿ ಸಿಗುವುದಿಲ್ಲ. ಸುದ್ದಿಯ ದೂರ ಅಳಿದಿದೆ, ಅವಕಾಶದ ದೂರ ಅಳಿದಿಲ್ಲ. ತಾಲ್ಲೂಕು ಕೇಂದ್ರದಲ್ಲೇ ಮಾನ್ಯತೆ ಪಡೆದ ಟೂರ್ನಿ ವರ್ಷಕ್ಕೊಂದಾದರೂ ನಡೆದರೆ ಈ ಅಂತರ ಕಡಿಮೆಯಾಗುತ್ತದೆ. ಶಾಲೆಯ ಕೊಠಡಿ, ನಾಲ್ಕಾರು ಗಡಿಯಾರ, ತರಬೇತಿ ಪಡೆದ ತೀರ್ಪುಗಾರರು ಇದ್ದರೆ ಅದು ಅಸಾಧ್ಯದ ಕೆಲಸವಲ್ಲ.

ಇನ್ನೊಂದು ಎಚ್ಚರಿಕೆ ನೋಡುವವರಿಗೆ. ಪರದೆಯ ಪಕ್ಕದಲ್ಲಿ ಏರಿಳಿಯುವ ಕಪ್ಪುಬಿಳುಪು ಪಟ್ಟಿಯನ್ನು ನೀವು ಬಲ್ಲಿರಿ. ಸ್ಟಾಕ್‌ಫಿಶ್‌ನಂಥ ತಂತ್ರಾಂಶ ಯಾರು ಮುಂದಿದ್ದಾರೆಂದು ಅದರಲ್ಲಿ ತೋರಿಸುತ್ತದೆ. ಸೆಕೆಂಡಿಗೆ 20 ಕೋಟಿ ಸ್ಥಾನಗಳನ್ನು ತಡಕುತ್ತಿದ್ದ ಡೀಪ್ ಬ್ಲೂಗಿಂತ ನಿಮ್ಮ ಜೇಬಿನ ಮೊಬೈಲಿನಲ್ಲಿರುವ ತಂತ್ರಾಂಶ ಇಂದು ಬಲಶಾಲಿ. ಆದರೆ ಪಟ್ಟಿ ಉತ್ತರವನ್ನಷ್ಟೇ ಹೇಳುತ್ತದೆ, ಲೆಕ್ಕ ಬಿಡಿಸುವುದನ್ನು ಕಲಿಸುವುದಿಲ್ಲ. ಕರುವಾನ ತಪ್ಪಿದರೆಂದು ಪಟ್ಟಿ ಕುಸಿದಾಗ ನಗುವುದು ಸುಲಭ. ಆ ಸ್ಥಾನದಲ್ಲಿ ಗಡಿಯಾರದ ಮುಂದೆ ತಾವಾಗಿದ್ದರೆ ಏನು ಆಡುತ್ತಿದ್ದೆವು ಎಂದು ಹೇಳುವುದು ಕಷ್ಟ.

ಆದ್ದರಿಂದ ಮುಂದಿನ ದೊಡ್ಡ ಪಂದ್ಯಾವಳಿಯ ಕೊನೆಯ ಸುತ್ತಿಗೆ ಹೀಗೆ ಮಾಡಿ ನೋಡಿ. ಮೊಬೈಲಿನ ಪಕ್ಕ ಒಂದು ನಿಜವಾದ ಮಣೆ ಇಟ್ಟುಕೊಳ್ಳಿ. ಮೌಲ್ಯದ ಪಟ್ಟಿಯನ್ನು ಮರೆಮಾಡಿ. ಬಹುತೇಕ ಎಲ್ಲ ತಾಣಗಳಲ್ಲೂ ಅದಕ್ಕೆ ಅವಕಾಶವಿದೆ. ಒಂದೇ ಆಟವನ್ನು ಆರಿಸಿಕೊಂಡು, ಪ್ರತಿ ನಡೆ ಬರುವ ಮೊದಲು ನಿಮ್ಮ ನಡೆಯನ್ನು ಚೀಟಿಯಲ್ಲಿ ಬರೆದಿಡಿ. ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಯಾರಿಗೆ ಗೆಲುವೇ ಬೇಕು, ಯಾರಿಗೆ ಡ್ರಾ ಸಾಕು ಎಂದು ಮಕ್ಕಳೊಡನೆ ಲೆಕ್ಕ ಹಾಕಿ. ಆಟ ಮುಗಿದ ಮೇಲೆ ಮಾತ್ರ ಯಂತ್ರವನ್ನು ಕೇಳಿ. ಹತ್ತು ನಡೆಗಳಲ್ಲಿ ಎರಡು ನಿಮ್ಮ ಚೀಟಿಯೊಂದಿಗೆ ಹೊಂದಿದರೂ ನೀವು ಆ ರಾತ್ರಿ ಆಟ ಕಲಿತಿದ್ದೀರಿ.